ಕಬ್ಬಕ್ಕಿ ನೋಡುವ ಬಯಕೆ

ನನ್ನ ಮೊದಲ ಬಸುರಿನಲ್ಲಿ ನಾನು ಬಯಸಿದ್ದು ಹುಣಸೆಹಣ್ಣಲ್ಲ, ಕೆಮ್ಮಣ್ಣಲ್ಲ. ಸಂಜೆ ಮಾಳಿಗೆ ಹತ್ತಿ ಕಬ್ಬಕ್ಕಿಗಳು ಕೂಡುವುದನ್ನು ನೋಡಬೇಕು ಎಂದು ಜೀವ ಹಟ ಹಿಡಿಯಿತು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆಗಲೂ ಓಣಿಯವರೆಲ್ಲ ನಕ್ಕಿದ್ದರು. ನಗದೆ ಇದ್ದವರು ನಮ್ಮ ಅತ್ತೆ ಒಬ್ಬರೇ.

ನಾನು ಹುಟ್ಟಿ ಬೆಳೆದದ್ದು ಚಿಕ್ಕನರಗುಂದದಲ್ಲಿ. ನಾವೂ ನೇಕಾರರ ಪೈಕಿಯೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟಿತ್ತು. ಅಪ್ಪ ಊರಿನ ಕನ್ನಡ ಶಾಲೆಯ ಮಾಸ್ತರ. ಊರ ಸುತ್ತ ಕಣ್ಣು ಹಾಯುವಷ್ಟು ಎರೆಹೊಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಬಿಳಿಜೋಳದ ತೆನೆಯಲ್ಲಿ ಹಾಲು ತುಂಬುತ್ತಲೇ ಕಬ್ಬಕ್ಕಿಗಳು ಬಂದಿಳಿಯುತ್ತಿದ್ದವು. ಕರಿ ತಲೆ, ಕರಿ ರೆಕ್ಕೆ, ನಡುವೆ ಮೈಯೆಲ್ಲ ತಿಳಿ ಗುಲಾಬಿ. ನೋಡಲು ಚಂದವೇ, ಆದರೆ ಚಂದ ನೋಡುತ್ತ ನಿಂತರೆ ತೆನೆಯಲ್ಲಿ ಬರೀ ಹೊಟ್ಟು ಉಳಿಯುತ್ತಿತ್ತು. ಹೊಲದವರು ಅಟ್ಟದ ಮೇಲೆ ನಿಂತು ಕವಣೆ ಬೀಸುವರು. ನಾವು ಹುಡುಗಿಯರು ಡಬ್ಬಿ ಬಡಿಯುತ್ತ, ಬಾಯಿಗೆ ಬಂದಂತೆ ಬೈಯುತ್ತ ಬದುವಿನ ಮೇಲೆ ಓಡಾಡುತ್ತಿದ್ದೆವು. ಮಾಸ್ತರನ ಮಗಳು ಬೈಗುಳ ಕಲಿತದ್ದು ಆ ಹಕ್ಕಿಗಳ ದಯದಿಂದ. ಅವು ಸಂಜೆ ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಳ್ಳ ಮನೆ ಬಿಟ್ಟು ಹೋದರೆ ಸಾಕು, ಅವನ ಮನೆ ಎಲ್ಲಿದೆ ಎಂದು ಯಾರು ಕೇಳುತ್ತಾರೆ?

ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಗುಡ್ಡದ ಕೆಳಗೆ ನೇಕಾರರ ಓಣಿ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಗಂಡಸರು ಸೀರೆ ನೇಯುವರು. ಹೆಂಗಸರು ರಾಟಿಯ ಮುಂದೆ ಕೂತು, ಲಾಳಿಯಲ್ಲಿ ಇಡುವ ಕಂಡಿಕೆಗೆ ನೂಲು ಸುತ್ತಿ ಕೊಡುವರು. ನಸುಕಿನಿಂದ ಸಂಜೆಯತನಕ ಓಣಿಯ ತುಂಬ ಮಗ್ಗದ ಸಪ್ಪಳ. ಬಂದ ಹೊಸತರಲ್ಲಿ ತಲೆ ಸಿಡಿಯುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಸಪ್ಪಳ ನಿಂತರೇ ಏನೋ ಆಯಿತೆಂದು ಎದೆ ಹಾರುತ್ತಿತ್ತು.

ಆ ಸಪ್ಪಳ ನಿಲ್ಲುವುದು ದೀಪ ಹಚ್ಚುವ ಹೊತ್ತಿಗೆ. ಲಕ್ಷ್ಮಿ ಮನೆಗೆ ಬರುವ ವೇಳೆಯಲ್ಲಿ ಲಾಳಿ ಓಡಿಸಬಾರದು ಎಂದು ಆ ಓಣಿಯ ರೂಢಿ. ಹೊತ್ತು ಮುಳುಗುವ ಮುಂಚೆ ಮಗ್ಗದಿಂದ ಎದ್ದವರು, ದೀಪ ಹಚ್ಚಿ ಕೈಮುಗಿದ ಮೇಲೆಯೇ ಕಂದೀಲಿನ ಬೆಳಕಿನಲ್ಲಿ ಮತ್ತೆ ಕೂಡಬೇಕು. ನಡುವೆ ಸಿಗುವ ಅಷ್ಟು ಹೊತ್ತಿಗೆ ಯಾರ ಹಂಗೂ ಇಲ್ಲ. ಬೇಸಿಗೆಯಲ್ಲಾದರೆ ಕಟ್ಟೆಯ ಮೇಲೆ ಹರಟೆ. ಚಳಿಗಾಲದಲ್ಲಿ ಮಾತ್ರ ಓಣಿಗೆ ಓಣಿಯೇ ಮಾಳಿಗೆ ಹತ್ತುತ್ತಿತ್ತು.

ಮೊದಲ ಚಳಿಗಾಲದಲ್ಲಿ ಏನಿದೆ ನೋಡೋಣ ಎಂದು ನಾನೂ ಹತ್ತಿದೆ. ಪಡುವಣದ ಹೊಲಗಳ ಕಡೆಯಿಂದ ಹಕ್ಕಿಗಳ ಒಂದು ಗುಂಪು ಬಂತು. ಗುಡ್ಡದ ಬುಡದಲ್ಲಿದ್ದ ಜಾಲಿಗಿಡಗಳ ಮೇಲೆ ಸುತ್ತತೊಡಗಿತು. ಹಿಂದೆಯೇ ಇನ್ನೊಂದು ಗುಂಪು, ಅದರ ಹಿಂದೆ ಮತ್ತೊಂದು. ಬಂದವು ಗಿಡಕ್ಕೆ ಇಳಿಯುವುದಿಲ್ಲ, ಮೊದಲು ಬಂದವುಗಳ ಜೊತೆ ಸೇರಿ ತಾವೂ ಸುತ್ತುತ್ತವೆ. ಹೊತ್ತು ಮುಳುಗಿ ಆಕಾಶ ಕೆಂಪಾಗುವ ವೇಳೆಗೆ ಹಿಂಡು ಎಷ್ಟು ದೊಡ್ಡದಾಗಿತ್ತೆಂದರೆ, ಒಂದು ತುದಿ ನೋಡುವಷ್ಟರಲ್ಲಿ ಇನ್ನೊಂದು ತುದಿ ಎಲ್ಲಿಗೋ ಹೋಗಿರುತ್ತಿತ್ತು. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಗಾಳಿಗೆ ಹಾರುವುದಿಲ್ಲವೇ, ಹಾಗೆ ಕಾಣುತ್ತಿತ್ತು. ಆದರೆ ಹೊಟ್ಟು ಚೆದುರಿ ಹೋಗುತ್ತದೆ, ಇವು ಚೆದುರಲಿಲ್ಲ. ಎಲ್ಲವೂ ಒಮ್ಮೆಗೇ ಹೊರಳಿದಾಗ ಆಕಾಶದಲ್ಲಿ ಕಪ್ಪು ದಟ್ಟವಾಗುತ್ತಿತ್ತು, ಮರುಹೊರಳಿಗೆ ತೆಳ್ಳಗಾಗುತ್ತಿತ್ತು. ನಮ್ಮ ತಲೆಯ ಮೇಲೆ ಹಾದಾಗ ಹೊಸ ಸೀರೆ ಜಾಡಿಸಿದಂಥ ಸಪ್ಪಳ. ಆಮೇಲೆ ಯಾರೂ ಹೇಳದೆ ಕೇಳದೆ ಎಲ್ಲವೂ ಜಾಲಿಗಿಡಗಳೊಳಗೆ ಇಳಿದುಬಿಟ್ಟವು, ಅಲ್ಲಿಂದ ಸಂತೆಯ ಗದ್ದಲ ಶುರುವಾಯಿತು.

ಈ ಕಳ್ಳಹಕ್ಕಿಗಳು ಹಗಲೆಲ್ಲ ನಮ್ಮೂರ ಜೋಳ ತಿಂದು ಮಲಗಲು ಇಲ್ಲಿಗೆ ಬರುತ್ತವೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದೆ. ಚಿಕ್ಕನರಗುಂದ ಎಲ್ಲಿ, ಗಜೇಂದ್ರಗಡ ಎಲ್ಲಿ, ಅಷ್ಟು ದೂರದಿಂದ ಬರಲು ಅವಕ್ಕೇನು ಮೋಟಾರು ಇದೆಯೇ ಎಂದು ನನ್ನ ಗಂಡ ನಕ್ಕರು. ಇರಲಿ. ಅವು ಪಡುವಣದಿಂದ ಬಂದದ್ದು ಖರೆ, ನನ್ನ ತವರು ಪಡುವಣಕ್ಕಿದ್ದದ್ದೂ ಖರೆ. ತವರಿನ ಕಡೆಯವರು ಬಂದರೆ ಯಾವ ಸೊಸೆ ಕೋಣೆಯಲ್ಲಿ ಕೂತಿರುತ್ತಾಳೆ? ಆ ಚಳಿಗಾಲದಲ್ಲಿ ನಾನು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಅತ್ತೆ ಮಾತ್ರ ಆ ಹೊತ್ತಿನಲ್ಲಿ ಎಂದೂ ಮೇಲೆ ಬರುತ್ತಿರಲಿಲ್ಲ. ಒಲೆಯ ಮುಂದೆ ಕೆಲಸವಿರಬೇಕು ಎಂದುಕೊಂಡಿದ್ದೆ.

ಮರುವರ್ಷ ಹಕ್ಕಿ ಬರುವ ಹೊತ್ತಿಗೆ ನಾನು ಬಸುರಿ. ಕಬ್ಬಕ್ಕಿ ಬಂದವೆಂದು ಓಣಿಯಲ್ಲಿ ಸುದ್ದಿಯಾದ ಸಂಜೆಯೇ, ಮಾಳಿಗೆಗೆ ಹೋಗುವ ಕಲ್ಲಿನ ಪಾವಟಿಗೆಗೆ ಅತ್ತೆ ಅಡ್ಡ ನಿಂತರು.

"ಸಂಜೀ ಮುಂದ ಹಕ್ಕಿ ನೆಳ್ಳ ಬಸರಿ ಮ್ಯಾಲೆ ಬೀಳಬಾರದು. ಒಳಗ ನಡಿ."

ಗೂಡಿಗೆ ಮರಳುವ ಹಕ್ಕಿಯ ನೆರಳು ಬಸುರಿಯ ಮೇಲಾಗಲಿ, ಎಳೆಗೂಸಿನ ಮೇಲಾಗಲಿ, ಒಣಗಲು ಹಾಕಿದ ಕೂಸಿನ ಬಟ್ಟೆಯ ಮೇಲಾಗಲಿ ಬಿದ್ದರೆ ಕೂಸು ಸೊರಗುತ್ತದೆ ಎಂಬ ಮಾತು ನಮ್ಮ ತವರಿನಲ್ಲೂ ಇತ್ತು. ಅಲ್ಲಿ ಅದು ಬರೀ ಮಾತು. ಅತ್ತೆ ಅದನ್ನು ಕಾಯಿದೆ ಮಾಡಿದರು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಹಿಡಿ ಆಕಾಶ ಕಾಣುತ್ತಿತ್ತು. ನಾನು ಅದರ ಕೆಳಗೆ ಕೂತು ಕತ್ತು ಎತ್ತುವುದನ್ನು ಕಂಡು, ದಿನಾ ಸಂಜೆ ಅದರ ಮೇಲೂ ಒಂದು ಮೊರ ಬೋರಲು ಹಾಕಿಸತೊಡಗಿದರು.

ಸಿಟ್ಟು ಮೊದಲಿನಿಂದಲೂ ನನ್ನ ಮೂಗಿನ ಮೇಲೆ. ಓಣಿಯ ಮಾಳಿಗೆಗಳಲ್ಲೆಲ್ಲ ಜನರ ಓಡಾಟ, ಮಕ್ಕಳ ಕೇಕೆ. ಕೆಳಗೆ ನಾನು, ಕತ್ತಲೆ, ಅತ್ತೆ. ಆ ಸಿಟ್ಟೆಲ್ಲ ರಾಟಿಯ ಮೇಲೆ ಬಿತ್ತು. ಬಿಗಿಯಾಗಿ ಸುತ್ತಿದ ಕಂಡಿಕೆಯ ನೂಲು ಲಾಳಿಯಲ್ಲಿ ಪಟಪಟ ಕಡಿಯುತ್ತಿತ್ತು. ಗಂಡ ಮಗ್ಗದ ಕುಣಿಯಿಂದಲೇ ನನ್ನ ಕಡೆ ಒಮ್ಮೆ ನೋಡಿ ಎಳೆ ಗಂಟು ಹಾಕಿಕೊಳ್ಳುತ್ತಿದ್ದರು. ಅವ್ವನಿಗೂ ಹೆಂಡತಿಗೂ ನಡುವೆ ಬಾಯಿ ಹಾಕದ ಜಾಣತನ ಅವರಿಗಿತ್ತು.

ಐದನೆಯ ತಿಂಗಳಿಗೆ ಬಯಕೆ ಕೇಳುವುದು ರೂಢಿ. ಬಯಕೆ ತೀರದೆ ಉಳಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಅತ್ತೆಯ ನಂಬಿಕೆ. ಹಕ್ಕಿ ನೆರಳಿನ ನಂಬಿಕೆಯಷ್ಟೇ ಇದೂ ಗಟ್ಟಿ. ಒಂದು ಮಧ್ಯಾಹ್ನ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ನನ್ನನ್ನು ನಡುವೆ ಕೂರಿಸಿ, ಏನು ಬೇಕು ಹೇಳು ಎಂದರು. ಮಾದಲಿ ಮಾಡಲೋ, ಶೇಂಗಾದ ಹೋಳಿಗೆಯೋ, ಹೊಲದಿಂದ ಎಳೆಜೋಳದ ಸೀತನಿ ಸುಡಿಸಿ ತರಿಸಲೋ? ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ.

"ನನಗ ಕಬ್ಬಕ್ಕಿ ಬೇಕಾಗ್ಯಾವ್ರಿ, ಅತ್ತಿ."

ಬಯಕೆ ಅಂದರೆ ತಿನ್ನುವುದು ಎಂದಷ್ಟೇ ತಿಳಿದ ಜನ. ಬಾಯಿಗಲ್ಲದೆ ಕಣ್ಣಿಗೆ ಬಯಸಿದ ಬಸುರಿಯನ್ನು ಅವರು ಕಂಡಿರಲಿಲ್ಲ. ನಾನು ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರು ಎದ್ದು ಹೊರಗೆ ಹೋಗಿಯೇಬಿಟ್ಟಿದ್ದರು. ಮಾಂಸದ ವಾಸನೆ ಸುಳಿಯದ ಮನೆಯಲ್ಲಿ ಸೊಸೆ ಹಕ್ಕಿ ತಿನ್ನಲು ಕೇಳಿದಳು ಎಂದು ದೀಪ ಹಚ್ಚುವ ಮುಂಚೆಯೇ ಓಣಿಯ ಆ ತುದಿಗೆ ಸುದ್ದಿ. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಮ್ಮ ಓಣಿ ಯಾರಿಗೂ ಸೋಲುತ್ತಿರಲಿಲ್ಲ. ಮಾಸ್ತರನ ಮನೆಯಲ್ಲಿ ಏನೇನು ಬೇಯುತ್ತಿತ್ತೋ ಯಾರಿಗೆ ಗೊತ್ತು ಎಂದು ಒಬ್ಬಾಕೆ ಅಂದಳಂತೆ. ಗಂಡನಿಗೆ ನಾಲ್ಕು ದಿನ ಕಟ್ಟೆಗೆ ಹೋಗಲು ಮುಖವಿರಲಿಲ್ಲ. ನಾನು ಒಳಗೆ ಕೂತು ಬಿದ್ದುಬಿದ್ದು ನಕ್ಕೆ. ಎಷ್ಟೋ ದಿನದ ಮೇಲೆ ಬಂದ ನಗು ಅದು.

ಆ ಗಾಳಿಸುದ್ದಿಯಿಂದ ಇನ್ನೊಂದು ತಮಾಷೆಯಾಯಿತು. ವರ್ಷದ ಜೋಳ ತಂದು ಹಾಕುತ್ತಿದ್ದ ರೈತನೊಬ್ಬ, ಪಾಪ, ಒಳ್ಳೆಯ ಮನಸ್ಸಿನಿಂದ, ಉರುಲು ಹಾಕಿ ಹಿಡಿದ ಒಂದು ಕಬ್ಬಕ್ಕಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಬಂದ. ಮುಂದಿನದು ನೀವುಂಟು ನಿಮ್ಮ ಒಲೆಯುಂಟು ಎಂದು ಮೆಲ್ಲಗೆ ಹೇಳಿ, ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು ಹೋದ. ನಾನು ಬುಟ್ಟಿಯ ಸಂದಿಯಿಂದ ನೋಡಿದೆ. ಗುಲಾಬಿ ಮೈಗೆ ಹೊಲದ ಮಣ್ಣು ಮೆತ್ತಿತ್ತು, ತಲೆಯ ಜುಟ್ಟು ಕೆದರಿತ್ತು. ಸಿಟ್ಟು ನನ್ನಷ್ಟೇ ಇತ್ತು; ಬೆರಳು ಹಾಕಿದ್ದಕ್ಕೆ ಕುಕ್ಕಿತು. ಅತ್ತೆಯ ಮುಖ ಅರಳಿತು. ಹಾಡುಹಗಲು, ಮನೆಯೊಳಗೆ, ಬುಟ್ಟಿಯೊಳಗಿನ ಹಕ್ಕಿ. ನೆರಳಿನ ಭಯವೂ ಇಲ್ಲ, ಬಯಕೆಯೂ ತೀರಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆದರೆ ನಾನು ಅವರ ಸಮಾಧಾನಕ್ಕೆ ಕಲ್ಲು ಹಾಕಿದೆ. ಒಂದು ಎಳೆ ನೋಡಿದರೆ ಸೀರೆ ನೋಡಿದಂತಾಗುತ್ತದೆಯೇ ಎಂದು ಕೇಳಿದೆ. ಗಂಡ ಬುಟ್ಟಿ ಎತ್ತಿಕೊಂಡು, ನಮ್ಮ ಮನೆಯ ಮೇಲೆ ಹಾರದಿರಲಿ ಎಂದು ಊರ ಹೊರಗೆ ಒಯ್ದು ಹಕ್ಕಿಯನ್ನು ಬಿಟ್ಟು ಬಂದರು.

ಅಂದು ಸಂಜೆ ಎದುರುಮನೆಯ ಆಯಿ ನನ್ನನ್ನು ಪಕ್ಕಕ್ಕೆ ಕರೆದಳು. ಓಣಿಯಲ್ಲೇ ಹಿರಿಯ ಮುದುಕಿ, ನಮ್ಮ ಅತ್ತೆ ಸೊಸೆಯಾಗಿ ಬಂದದ್ದನ್ನು ಕಂಡವಳು. ಹಟ ಸಾಕು ಮಾಡು, ನಿನಗೆ ಗೊತ್ತಿಲ್ಲದ್ದು ಒಂದಿದೆ ಎಂದು ಹೇಳತೊಡಗಿದಳು. ನನ್ನ ಗಂಡ ಹುಟ್ಟುವ ಮುಂಚೆ ಅತ್ತೆಗೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಮೈತುಂಬಿಕೊಂಡ ಕೂಸು. ಒಂದು ಚಳಿಗಾಲದ ಸಂಜೆ ಅತ್ತೆ ಅದರ ಬಟ್ಟೆಗಳನ್ನು ಮಾಳಿಗೆಯ ಮೇಲೆ ಮರೆತರು, ಕಬ್ಬಕ್ಕಿಯ ಹಿಂಡು ಅವುಗಳ ಮೇಲೆ ಹಾದುಹೋಯಿತು. ಕೂಸಿಗೆ ಭೇದಿ ಹತ್ತಿತು. ವಾರದೊಳಗೆ ಹೋಯಿತು. ಹಕ್ಕಿ ನೆರಳು ಬೀಳಿಸಿ ಕೂಸನ್ನು ಕಳೆದಳು ಎಂದು ಅತ್ತೆಯ ಅತ್ತೆ ಬದುಕಿರುವತನಕ ಆಡಿಕೊಂಡರಂತೆ. ಅಂದಿನಿಂದ ಇವರು ಸಂಜೆ ಹೊತ್ತು ಮಾಳಿಗೆ ಹತ್ತಿದವರಲ್ಲ.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಒಳಗೆ ಹೋಗಿ, ನನಗೆ ಹಕ್ಕಿ ನೋಡುವುದು ಬೇಡ, ಬಯಕೆ ಹೋಯಿತು, ಮಾದಲಿ ಮಾಡಿ ಎಂದೆ. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಯಿ ಹೇಳಿದ್ದು ಅವರಿಗೆ ತಿಳಿಯಿತೋ ಏನೋ. ಬಯಕೆ ಬಾಯಿಂದ ಹೋದರೆ ಹೊಟ್ಟೆಯಿಂದ ಹೋಗುತ್ತದೆಯೇ ಎಂದರು. ಮಾದಲಿ ಮಾಡಿದರು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ, ಅವರು ನಂಬಲಿಲ್ಲ. ಈಗ ಅಡಕತ್ತರಿಯಲ್ಲಿ ಸಿಕ್ಕವರು ಅವರು. ನೋಡಲು ಬಿಟ್ಟರೆ ನೆರಳು, ಬಿಡದಿದ್ದರೆ ಕಿವಿ. ಒಂದು ಕೂಸನ್ನು ಕಳೆದುಕೊಂಡಾಕೆ ಇನ್ನೊಂದು ಕೂಸಿನ ಹೊಣೆ ಹೊತ್ತು ಅತ್ತಿತ್ತ ತೂಗುವುದನ್ನು ನೋಡುತ್ತ ನಾನು ಈಗ ಕಂಡಿಕೆಯನ್ನು ಹಗುರವಾಗಿ ಸುತ್ತುತ್ತಿದ್ದೆ. ನಾನಾಗಿ ಕಟ್ಟಿದ ಗಂಟು, ನನಗೇ ಬಿಚ್ಚಲು ಬರುತ್ತಿರಲಿಲ್ಲ.

ಹೀಗೇ ದಿನಗಳು ಹೋದವು. ಹೊಲಗಳಲ್ಲಿ ಜೋಳದ ಕೊಯ್ಲು ಮುಗಿಯುತ್ತ ಬಂತು. ಯುಗಾದಿಯ ಹೊತ್ತಿಗೆ ಕಬ್ಬಕ್ಕಿಗಳು ಹೊರಟುಹೋಗುತ್ತವೆ. ಹೆರಿಗೆಗೆ ಕರೆದುಕೊಂಡು ಹೋಗಲು ಅಪ್ಪ ಬರುವುದಾಗಿ ಹೇಳಿ ಕಳಿಸಿದ. ಅವನು ಬರ್‍ತೇನೆ ಎಂದಿದ್ದ ದಿನದ ಹಿಂದಿನ ಸಂಜೆ, ಮಗ್ಗದ ಸಪ್ಪಳ ನಿಂತು ಓಣಿಯವರೆಲ್ಲ ಮಾಳಿಗೆ ಹತ್ತಿದ್ದರು. ನಾನು ಟ್ರಂಕಿನಲ್ಲಿ ಸೀರೆ ಇಡುತ್ತಿದ್ದೆ. ಅತ್ತೆ ದೊಡ್ಡ ಕೌದಿಯೊಂದನ್ನು ಹೆಗಲ ಮೇಲೆ ಹೊತ್ತು ಬಂದು ಎದುರು ನಿಂತರು. ಹಳೆ ಸೀರೆಗಳನ್ನು ಪದರ ಪದರ ಹೊಲಿದ ಕೌದಿ, ಇಬ್ಬರು ಎತ್ತುವಷ್ಟು ಭಾರ.

"ಏಳು, ಲಗೂ. ಇದರ ಬುಡಕ ಕುಂತ ನೋಡು. ನೆಳ್ಳ ಬಿದ್ದರ ಇದರ ಮ್ಯಾಲೆ ಬೀಳಲಿ."

ಪಾವಟಿಗೆ ಹತ್ತುವಾಗ ಅವರ ಕೈ ನನ್ನ ರಟ್ಟೆ ಹಿಡಿದಿತ್ತು. ನಮ್ಮ ಮಾಳಿಗೆಯ ಮೇಲೆ ಗಂಡ ಒಬ್ಬರೇ ನಿಂತಿದ್ದರು. ಅತ್ತೆ ಅವರಿಗೆ ಕೌದಿಯ ಎರಡು ಮೂಲೆ ಕೊಟ್ಟು, ಇನ್ನೆರಡು ತಾವು ಹಿಡಿದು, ನನ್ನನ್ನು ನಡುವೆ ಕೂರಿಸಿದರು. ಮದುವೆಯಲ್ಲೂ ನನ್ನ ಮೇಲೆ ಅಷ್ಟು ಗಟ್ಟಿ ಚಪ್ಪರ ಇರಲಿಲ್ಲ. ಅಕ್ಕಪಕ್ಕದ ಮಾಳಿಗೆಯವರೆಲ್ಲ ಹಕ್ಕಿ ಬಿಟ್ಟು ನಮ್ಮನ್ನೇ ನೋಡತೊಡಗಿದರು. ಅವ್ವನ ಎದುರಿಗೆ ಹೆಂಡತಿಯ ಇಷ್ಟು ಹತ್ತಿರ ನಿಲ್ಲಬೇಕಾಗಿ ಬಂದ ಗಂಡ ನಾಚಿಕೊಂಡು ಗುಡ್ಡದ ಕಡೆ ಮುಖ ಮಾಡಿದರು.

ಹೊತ್ತು ಆಗಷ್ಟೇ ಮುಳುಗಿತ್ತು. ಮೊದಲ ಗುಂಪುಗಳು ಬಂದು ಜಾಲಿಗಿಡಗಳ ಮೇಲೆ ಸುತ್ತುತ್ತಿದ್ದವು. ಕೌದಿಯ ಅಂಚಿನ ಕೆಳಗಿನಿಂದ ನನಗೆ ಪಡುವಣದ ಆಕಾಶವೆಲ್ಲ ಕಾಣುತ್ತಿತ್ತು. ಗುಂಪಿಗೆ ಗುಂಪು ಕೂಡಿತು. ಕೆಂಪಿನ ಮೇಲೆ ಕಪ್ಪು ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ಹೊಟ್ಟೆಯೊಳಗಿನ ಕೂಸು ಒಮ್ಮೆ ಹೊರಳಿತು. ಬದುಕಿನಲ್ಲಿ ಅಷ್ಟು ಸುಖವಾಗಿ ಕೂತದ್ದು ನನಗೆ ಇನ್ನೊಂದು ನೆನಪಿಲ್ಲ. ಅತ್ತೆಯ ಕೈ ಸೋತಾವು, ಸಾಕು ಇಳಿಯೋಣ ಎನ್ನಬೇಕೆಂದು ಅವರ ಕಡೆ ತಿರುಗಿದೆ.

ಅತ್ತೆ ಹಕ್ಕಿ ನೋಡುತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ, ತಲೆ ತಗ್ಗಿಸಿ, ಮಾಳಿಗೆಯ ನೆಲವನ್ನೇ ನೋಡುತ್ತಿದ್ದರು. ನೆರಳು ಯಾವ ಕಡೆಯಿಂದ ಬರುತ್ತದೆ, ಕೌದಿಯ ಆಚೆ ಬೀಳುತ್ತದೋ, ಅಂಚಿನೊಳಗೆ ನುಸುಳಿ ನನ್ನ ಕಾಲಿಗೆ ತಾಗುತ್ತದೋ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ಹಿಂಡು ಗುಡ್ಡದ ಕಡೆಯಿಂದ ಹೊರಳಿ ಸರ್ರೆಂದು ನಮ್ಮ ತಲೆಯ ಮೇಲೆಯೇ ಹಾಯಿತು. ರೆಕ್ಕೆಯ ಗಾಳಿ ಕೌದಿಗೆ ತಾಗಿದಂತಾಯಿತು. ಅತ್ತೆ ಗೋಡೆಯಂಚು ನೋಡಿದರು, ತಮ್ಮ ಕಾಲ ಬುಡ ನೋಡಿದರು, ಮತ್ತೆ ನೆಲ ನೋಡಿದರು.

"ನೆಳ್ಳ ಎಲ್ಲೈತೋ?" ಎಂದು ಮಗನನ್ನು ಕೇಳಿದರು.

"ಹೊತ್ತ ಮುಳಗೇತಲ್ಲಬೇ," ಎಂದರು ಗಂಡ, ಅವ್ವ ಏಕೆ ಕೇಳುತ್ತಿದ್ದಾಳೆಂದು ತಿಳಿಯದೆ. "ಈಗೆಲ್ಲಿ ನೆಳ್ಳ ಬೀಳತೈತಿ?"

ಅತ್ತೆಯ ಕೈಯಿಂದ ಕೌದಿ ಜಾರಿತು. ದೊಪ್ಪೆಂದು ನನ್ನ ತಲೆಯ ಮೇಲೆ ಬಿತ್ತು. ಪಕ್ಕದ ಮಾಳಿಗೆಯಲ್ಲಿ ಯಾರೋ ನಕ್ಕರು. ಕೌದಿಯ ಕತ್ತಲೆಯಲ್ಲಿ ಮೂಗು ಬಾಯಿ ಮುಚ್ಚಿ, ನಾನು ಅಂಚು ಹುಡುಕುತ್ತಿರುವಾಗ ಅತ್ತೆಯ ದನಿ ಕೇಳಿಸಿತು. ಮಗನಿಗೆ ಹೇಳುತ್ತಿದ್ದರೋ, ತಮಗೇ ಹೇಳಿಕೊಳ್ಳುತ್ತಿದ್ದರೋ.

"ಅವತ್ತ ಹೊತ್ತ ಮುಳಗೂತನಾ ನಾ ಇಲ್ಲೇ ಕುಂತಿದ್ನಿ. ದೀಪಾ ಹಚ್ಚಾಕಂತ ಇಳದ್ನಿ, ಆವಾಗ ಅರಿವಿ ಮರತದ್ದು. ಹಕ್ಕಿ ಆಮ್ಯಾಲೆ ಬಂದುವು." ನನ್ನ ಪಕ್ಕದಲ್ಲಿ ಅವರು ಕೂತ ಸಪ್ಪಳವಾಯಿತು. "ನನ್ನ ಕೂಸಿನ ಮ್ಯಾಲೆ ಯಾ ನೆಳ್ಳೂ ಬಿದ್ದಿದ್ದಿಲ್ಲ."

ನಾನು ಕೌದಿ ಸರಿಸಿ ತಲೆ ಹೊರಗೆ ಹಾಕಿದೆ. ಅತ್ತೆ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತಿದ್ದರು. ಅಳುತ್ತಿದ್ದರು, ಆದರೆ ಅದು ದುಃಖದ ಅಳುವಲ್ಲ. ಎಷ್ಟೋ ವರ್ಷ ಹೊತ್ತ ಹೊರೆಯನ್ನು ಇಳಿಸಿದವರ ಮುಖ ಹೇಗಿರುತ್ತದೆಂದು ನಾನು ಅಂದು ನೋಡಿದೆ. ನನಗೂ ಅಳು ಬಂತು. ಅವರ ಕೈ ಹಿಡಿದುಕೊಂಡೆ. ಅದಕ್ಕೂ ಮುಂಚೆ ನಾನಾಗಿ ಅವರ ಕೈ ಹಿಡಿದದ್ದಿಲ್ಲ. ಕತ್ತಲಾಗುತ್ತಿತ್ತು, ಹಿಂಡು ಮಾತ್ರ ಜಾಲಿಗಿಡಗಳ ಮೇಲೆ ಇನ್ನೂ ಸುತ್ತುತ್ತಿತ್ತು. ಓಣಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತತೊಡಗಿತು. ಅಕ್ಕಪಕ್ಕದವರು ಇಳಿದುಹೋದರು. ಗಂಡ ಕೌದಿ ಮಡಚುತ್ತ, ನಡೀಬೇ ಕೆಳಗ, ಹೊತ್ತಾತು ಎಂದರು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಖ ಮೇಲೆತ್ತಿದರು.

"ತಡಿಯೋ," ಎಂದರು. "ನಾ ಇನ್ನಾ ಹಕ್ಕಿ ನೋಡೇ ಇಲ್ಲ."